ಲ್ಯಾನೊ ಲೈಬ್ರರಿಯ ಹದಿನೇಳು ಪುಸ್ತಕಗಳು

2021ರ ಡಿಸೆಂಬರ್. ಕ್ರಿಸ್‌ಮಸ್ ಹತ್ತಿರ ಬಂದಿತ್ತು. ಅಮೆರಿಕದ ಟೆಕ್ಸಾಸ್ ರಾಜ್ಯದ ಲ್ಯಾನೊ ಕೌಂಟಿಯ ಮೂರೂ ಸಾರ್ವಜನಿಕ ಲೈಬ್ರರಿಗಳು ಮೂರು ದಿನ ಬಾಗಿಲು ಹಾಕಿಕೊಂಡವು. ಸೂರು ಸೋರುತ್ತಿತ್ತು ಅಂತಲ್ಲ, ಸುಣ್ಣ ಬಳಿಯೋದಕ್ಕೂ ಅಲ್ಲ. ಮಕ್ಕಳ ಮತ್ತು ಹದಿಹರೆಯದವರ ಕಪಾಟುಗಳನ್ನು ಜಾಲಾಡಿ, ಯಾವ ಪುಸ್ತಕ ಇರಬೇಕು, ಯಾವುದು ಬೇಡ ಅಂತ ನೋಡಬೇಕಿತ್ತು. ಹಾಗೆ ನೋಡಿ ಅಂತ ಹೇಳಿದ್ದು ಲೈಬ್ರರಿಯವರಲ್ಲ, ಕೌಂಟಿಯನ್ನು ಆಳುವವರು.

ಲೈಬ್ರರಿಗೆ ಪುಸ್ತಕ ಆರಿಸೋದು ಹೇಗೆ ಅಂತ ಕೇಳಿದರೆ ನಮ್ಮ ತಲೆಗೆ ಮೊದಲು ಬರೋದು ಖರೀದಿ. ಯಾವುದನ್ನು ಕೊಳ್ಳಬೇಕು, ಎಷ್ಟು ಪ್ರತಿ, ಯಾರ ದುಡ್ಡು. ಆದರೆ ಆಯ್ಕೆಯ ಅರ್ಧ ಕೆಲಸ ನಡೆಯೋದು ಹಿಂದಿನ ಬಾಗಿಲಲ್ಲಿ, ಪುಸ್ತಕ ಹೊರಗೆ ಹೋಗುವಾಗ. ಲ್ಯಾನೊದಲ್ಲಿ ಜಗಳ ಶುರುವಾಗಿದ್ದು ಆ ಹಿಂದಿನ ಬಾಗಿಲಲ್ಲೇ. ಅದು ನಾಲ್ಕು ವರ್ಷ ನಡೆದು ದೇಶದ ಸುಪ್ರೀಂ ಕೋರ್ಟಿನ ತನಕ ಹೋಯಿತು.

ಊರಿನ ಬಗ್ಗೆ ಎರಡು ಮಾತು. ಆಸ್ಟಿನ್ ನಗರದಿಂದ ವಾಯವ್ಯಕ್ಕೆ, ಸುಮಾರು 120 ಕಿಲೋಮೀಟರ್ ದೂರದಲ್ಲಿದೆ ಈ ಲ್ಯಾನೊ. ಆಸ್ಟಿನ್ ನಮ್ಮವರಿಗೆ ಹೊಸದಲ್ಲ, ಅಲ್ಲಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕನ್ನಡಿಗರು ಸಾಕಷ್ಟಿದ್ದಾರೆ. ಲ್ಯಾನೊ ಮಾತ್ರ ಬೇರೆಯೇ ಲೋಕ. ಗುಡ್ಡಗಾಡು, ಜಿಂಕೆ ಬೇಟೆಗೆ ಹೆಸರುವಾಸಿ, 2020ರ ಜನಗಣತಿಯ ಪ್ರಕಾರ ಇಡೀ ಕೌಂಟಿಗೆ 21 ಸಾವಿರ ಚಿಲ್ಲರೆ ಜನ. ಆಡಳಿತ ನಡೆಸೋದು 'ಕಮಿಷನರ್ಸ್ ಕೋರ್ಟ್'. ಹೆಸರಲ್ಲಿ ಕೋರ್ಟ್ ಇದ್ದರೂ ಅದು ನ್ಯಾಯಾಲಯವಲ್ಲ. ಚುನಾವಣೆಯಲ್ಲಿ ಗೆದ್ದ ನಾಲ್ವರು ಕಮಿಷನರ್‌ಗಳು, ಅವರ ಜೊತೆಗೆ ಒಬ್ಬ 'ಕೌಂಟಿ ಜಡ್ಜ್'. ಆ ಜಡ್ಜ್ ಕೂಡ ವೋಟು ಕೇಳಿ ಬಂದವರೇ. ನಮ್ಮ ಜಿಲ್ಲಾ ಪಂಚಾಯ್ತಿ ಥರ ಅಂದುಕೊಳ್ಳಿ. ರಸ್ತೆಗೂ ಲೈಬ್ರರಿಗೂ ದುಡ್ಡು ಕೊಡೋದು ಇವರೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಳೆ ಕೀಳುವ ಲೆಕ್ಕ

ಅಮೆರಿಕದ ಸಣ್ಣ ಊರಿನ ಲೈಬ್ರರಿಯಲ್ಲಿ ಪುಸ್ತಕ ಕೊಳ್ಳುವ ರೀತಿ ಸರಳ. ಲೈಬ್ರರಿಯನ್ 'ಬುಕ್‌ಲಿಸ್ಟ್', 'ಕಿರ್ಕಸ್', 'ಲೈಬ್ರರಿ ಜರ್ನಲ್' ಇಂಥ ವಿಮರ್ಶಾ ಪತ್ರಿಕೆಗಳನ್ನು ನೋಡುತ್ತಾರೆ. ಓದುಗರು ಏನು ಕೇಳಿದರು, ಯಾವ ಪುಸ್ತಕಕ್ಕೆ ಸರದಿ ಉದ್ದ ಇದೆ, ಯಾವ ವಿಷಯದ ಕಪಾಟು ಸೊರಗಿದೆ ಅಂತ ಗಮನಿಸುತ್ತಾರೆ. ಕೈಯಲ್ಲಿರುವ ದುಡ್ಡಿಗೆ ಹೊಂದಿಸಿ ಆರ್ಡರ್ ಹಾಕುತ್ತಾರೆ. ಇದಕ್ಕೆಲ್ಲ ಒಂದು ಬರೆದಿಟ್ಟ ನೀತಿ ಇರುತ್ತದೆ. ಮೇಲಿನವರು ನೀತಿಗೆ ಒಪ್ಪಿಗೆ ಕೊಡುತ್ತಾರೆ, ಪುಸ್ತಕದ ಮೇಲೆ ಪುಸ್ತಕ ಕೂತು ನೋಡುವುದಿಲ್ಲ.

ತೆಗೆಯುವ ಕೆಲಸಕ್ಕೆ ಅವರಲ್ಲಿ 'ವೀಡಿಂಗ್' ಅಂತಾರೆ. ಅಂದರೆ ಕಳೆ ಕೀಳುವುದು. ಕಪಾಟು ಹಿಗ್ಗುವುದಿಲ್ಲ, ಪುಸ್ತಕ ಬರುತ್ತಲೇ ಇರುತ್ತದೆ. ಹಾಗಾಗಿ ಒಂದಷ್ಟು ಹೋಗಲೇಬೇಕು. ಈ ಕೆಲಸಕ್ಕೆ ಅಮೆರಿಕದ ಸಣ್ಣ ಲೈಬ್ರರಿಗಳು ಬಳಸುವ ಹೆಸರಾಂತ ಕೈಪಿಡಿಗೆ 'ಕ್ರ್ಯೂ' ಅಂತ ಹೆಸರು. ಅದನ್ನು 1976ರಲ್ಲಿ ಹೊರತಂದದ್ದು ಯಾರು ಗೊತ್ತಾ? ಇದೇ ಟೆಕ್ಸಾಸ್ ರಾಜ್ಯದ ಸ್ಟೇಟ್ ಲೈಬ್ರರಿ.

ಕ್ರ್ಯೂ ಒಂದು ಸೂತ್ರ ಕೊಡುತ್ತದೆ. ಪುಸ್ತಕ ಅಚ್ಚಾಗಿ ಎಷ್ಟು ವರ್ಷ ಆಯಿತು, ಕೊನೆಯ ಸಲ ಎರವಲು ಹೋಗಿ ಎಷ್ಟು ವರ್ಷ ಆಯಿತು, ಇವೆರಡು ಅಂಕಿ. ವಿಷಯದಿಂದ ವಿಷಯಕ್ಕೆ ಅಂಕಿ ಬದಲಾಗುತ್ತದೆ. ಕಂಪ್ಯೂಟರ್ ಪುಸ್ತಕ ಬೇಗ ಹಳತಾಗುತ್ತದೆ, ಕವಿತೆ ಹಾಗಲ್ಲ, ಅಲ್ವಾ? ಅಂಕಿಗಳ ಮೇಲೆ ಆರು ಇಂಗ್ಲಿಷ್ ಅಕ್ಷರ, 'ಮಸ್ಟಿ' (MUSTIE), ಒಂದೊಂದು ಅಕ್ಷರಕ್ಕೆ ಒಂದೊಂದು ಪ್ರಶ್ನೆ. ತಪ್ಪು ಮಾಹಿತಿ ಕೊಡುವಂಥದ್ದಾ, ಹರಿದು ಹಾಳಾಗಿದೆಯಾ, ಹೊಸ ಆವೃತ್ತಿ ಬಂದಿದೆಯಾ, ಹುರುಳಿಲ್ಲದ್ದಾ, ಈ ಊರಿನ ಓದುಗರಿಗೆ ಸಂಬಂಧವಿಲ್ಲವಾ, ಬೇರೆ ಕಡೆ ಸುಲಭವಾಗಿ ಸಿಗುತ್ತದಾ. ಪುಸ್ತಕದ ಅಭಿಪ್ರಾಯ ಯಾರಿಗೋ ಹಿಡಿಸಲಿಲ್ಲ ಅನ್ನೋದಕ್ಕೆ ಈ ಆರರಲ್ಲಿ ಜಾಗ ಇಲ್ಲ. ಆದರೆ 'ಹುರುಳಿಲ್ಲದ್ದು', 'ಸಂಬಂಧವಿಲ್ಲದ್ದು' ಅನ್ನುವ ಎರಡು ಇವೆಯಲ್ಲ, ಅವು ಸ್ವಲ್ಪ ಸಡಿಲ. ಮನಸ್ಸು ಮಾಡಿದರೆ ಯಾವ ಪುಸ್ತಕವನ್ನಾದರೂ ಅದರೊಳಗೆ ತುರುಕಬಹುದು.

ನಮ್ಮ ಲೈಬ್ರರಿಗಳನ್ನು ನೋಡಿದವರಿಗೆ ಇದು ವಿಚಿತ್ರ ಅನ್ನಿಸಬಹುದು. ನಮ್ಮಲ್ಲಿ ಪುಸ್ತಕ ಅಂದರೆ ಸರ್ಕಾರಿ ಆಸ್ತಿ, ದಾಸ್ತಾನು ಪುಸ್ತಕದಲ್ಲಿ ನಂಬರ್ ಬಿದ್ದಿರುತ್ತದೆ. ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮಗಳಲ್ಲಿ ಒಂದು ರಿಯಾಯಿತಿ ಇದೆ. ವರ್ಷದಲ್ಲಿ ಎರವಲು ಕೊಟ್ಟ ಅಥವಾ ಓದಲು ತೆಗೆದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ. ಅದಕ್ಕಿಂತ ಜಾಸ್ತಿಯಾದರೆ ಉತ್ತರ ಹೇಳಬೇಕು. ಹೀಗಿರುವಾಗ ಯಾವ ಲೈಬ್ರರಿಯನ್ ತಾನೇ ಕಳೆ ಕೀಳಲು ಕೈ ಹಾಕುತ್ತಾರೆ? ಗೆದ್ದಲು ತಿಂದರೂ ಪುಸ್ತಕ ಕಪಾಟಿನಲ್ಲೇ ಇರುತ್ತದೆ.

ಹೂಸಿನಿಂದ ಶುರು

ಲ್ಯಾನೊದ ಜಗಳ ಶುರುವಾಗಿದ್ದು ಹೂಸಿನಿಂದ. ತಮಾಷೆಯಲ್ಲ, ನಿಜ. 2021ರ ಬೇಸಿಗೆ ಹೊತ್ತಿಗೆ ಕೆಲವು ಊರಿನವರು ಮಕ್ಕಳ ವಿಭಾಗದ ಚಿತ್ರಪುಸ್ತಕಗಳ ಮೇಲೆ ದೂರು ತಂದರು. ಹೂಸು ಬಿಡುವ ಹಿಮದ ಬೊಂಬೆ, ಹೂಸು ಬಿಡುವ ಹೆಬ್ಬಾತು, ಅಂಡು ಒಡೆದುಹೋಯಿತು ಅಂತ ಹೊಸದು ಹುಡುಕುವ ಹುಡುಗ, ಇಂಥವು. ಒಟ್ಟು ಏಳು. ಹೂಸು ಅಂದರೆ ಸಾಕು, ಯಾವ ಮಗುವೂ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ಇವು ಮಕ್ಕಳ ಮನಸ್ಸು ಕೆಡಿಸುತ್ತವೆ ಅನ್ನೋದು ದೂರು. ಒಬ್ಬ ಕಮಿಷನರ್ ತೆಗೆಯಿರಿ ಅಂತ ಹೇಳಿದರು. ಲೈಬ್ರರಿ ನಿರ್ದೇಶಕಿ ತೆಗೆದರು.

ನನಗೆ ಕೇಳಿದರೆ, ಉಳಿದದ್ದೆಲ್ಲ ಅಲ್ಲೇ ನಿರ್ಧಾರವಾಯಿತು. ಪುಸ್ತಕ ಚಿಕ್ಕದು, ವಿಷಯ ಕ್ಷುಲ್ಲಕ, ಇದಕ್ಕೋಸ್ಕರ ಯಾಕೆ ಗುದ್ದಾಡೋದು ಅಂತ ಬಿಟ್ಟುಕೊಟ್ಟಿರಬಹುದು. ಯಾರೇ ಆಗಿದ್ದರೂ ಬಿಟ್ಟುಕೊಡುತ್ತಿದ್ದರು. ಆದರೆ ದೂರು ಬಂದರೆ ಲಿಖಿತ ಅರ್ಜಿ ತೆಗೆದುಕೊಂಡು, ಪುಸ್ತಕ ಪೂರ್ತಿ ಓದಿ, ನಾಲ್ಕು ಜನ ಕೂತು ತೀರ್ಮಾನಿಸುವ ದಾರಿ ಮುಚ್ಚಿಹೋಯಿತು. ಮೇಲಿನವರ ಒಂದು ಮಾತು ಸಾಕು ಅನ್ನೋದು ಎಲ್ಲರಿಗೂ ಗೊತ್ತಾಯಿತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಟೆಕ್ಸಾಸ್‌ನ ಶಾಸಕರೊಬ್ಬರು ಸುಮಾರು 850 ಪುಸ್ತಕಗಳ ಪಟ್ಟಿಯೊಂದನ್ನು ಶಾಲೆಗಳಿಗೆ ಕಳಿಸಿ, ನಿಮ್ಮಲ್ಲಿ ಇವುಗಳಲ್ಲಿ ಯಾವುವು ಇವೆ ಅಂತ ಕೇಳಿದ್ದರು. ಪಟ್ಟಿ ಶಾಲೆಗಳಿಗೆ ಹೋಗಿದ್ದು. ಆದರೆ ಲ್ಯಾನೊದಲ್ಲಿ ಒಬ್ಬರು ಅದನ್ನು ಹಿಡಿದುಕೊಂಡು ಸಾರ್ವಜನಿಕ ಲೈಬ್ರರಿಯ ಕ್ಯಾಟಲಾಗಿನಲ್ಲಿ ಹುಡುಕಿದರು. ಅರವತ್ತರ ಆಸುಪಾಸು ಸಿಕ್ಕವು. ಅವೆಲ್ಲ ಅಶ್ಲೀಲ ಕೊಳಕು ಅಂತ ಕೌಂಟಿಗೆ ಈಮೇಲ್ ಹೋಯಿತು. ಇನ್ನೊಂದಷ್ಟು ಪುಸ್ತಕ ಕಪಾಟಿನಿಂದ ಇಳಿದವು.

ಆಮೇಲಿನದ್ದು ಬೇಗ ಬೇಗ ನಡೆಯಿತು. ಡಿಸೆಂಬರ್‌ನಲ್ಲಿ ಆ ಮೂರು ದಿನದ ಬೀಗ. ಇ-ಪುಸ್ತಕಗಳ ಓವರ್‌ಡ್ರೈವ್ ಸೇವೆಯೂ ನಿಂತಿತು. ಅದರಲ್ಲಿ ಒಂದೊಂದೇ ಶೀರ್ಷಿಕೆ ತೆಗೆಯುವುದು ಕಷ್ಟ, ಹಾಗಾಗಿ ಪೂರ್ತಿ ಸೇವೆಯನ್ನೇ ಕಿತ್ತುಹಾಕಿದರು. 2022ರ ಜನವರಿಯಲ್ಲಿ ಹಳೆಯ ಲೈಬ್ರರಿ ಸಲಹಾ ಮಂಡಳಿ ಹೋಗಿ ಹೊಸದು ಬಂತು. ದೂರು ಕೊಟ್ಟವರೂ ಅದರಲ್ಲಿ ಸದಸ್ಯರಾದರು. ಸಭೆಗೆ ಸಾರ್ವಜನಿಕರು ಬರುವಂತಿಲ್ಲ. ಲೈಬ್ರರಿಯ ಸಿಬ್ಬಂದಿಯೂ ಬರುವಂತಿಲ್ಲ. ಹೊಸ ಪುಸ್ತಕ ಕೊಳ್ಳಬೇಕಾದರೆ ಈ ಮಂಡಳಿಯ ಒಪ್ಪಿಗೆ ಬೇಕು.

ಕೊನೆಗೆ ಕೋರ್ಟಿನ ತನಕ ಹೋದ ಹದಿನೇಳು ಪುಸ್ತಕದ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂತು. ಈ ಜನವರಿಯ ತೀರ್ಮಾನದ ಬಗ್ಗೆ ಬಂದದ್ದು ಕಡಿಮೆ. ನನ್ನ ಮಟ್ಟಿಗೆ ದೊಡ್ಡ ಪೆಟ್ಟು ಇದೇ. ತೆಗೆದ ಪುಸ್ತಕವನ್ನು ಹೆಸರು ಹಿಡಿದು ಕೇಳಬಹುದು, ವಾಪಸ್ ಇಡಿಸಬಹುದು. ಕೊಳ್ಳದೇ ಹೋದ ಪುಸ್ತಕಕ್ಕೆ ಹೆಸರೂ ಇಲ್ಲ, ಗುರುತೂ ಇಲ್ಲ. ಆರಿಸುವ ಕೋಣೆಯಿಂದ ಲೈಬ್ರರಿಯನ್ನರನ್ನೇ ಹೊರಗೆ ನಿಲ್ಲಿಸಿದರೆ, ಅಡುಗೆಯವರನ್ನು ಆಚೆ ಕಳಿಸಿ ಅಡುಗೆ ಮಾಡಿದ ಹಾಗೆ.

ಮಾರ್ಚ್‌ನಲ್ಲಿ ಕಿಂಗ್ಸ್‌ಲ್ಯಾಂಡ್ ಶಾಖೆಯ ಮುಖ್ಯ ಲೈಬ್ರರಿಯನ್ ಕೆಲಸ ಕಳೆದುಕೊಂಡರು. ಹೇಳಿದ ಮಾತು ಕೇಳಲಿಲ್ಲ ಅನ್ನೋದು ಕೌಂಟಿ ಕೊಟ್ಟ ಕಾರಣ. ಪುಸ್ತಕ ತೆಗೆಯಲು ಒಪ್ಪದ್ದಕ್ಕೆ ಅನ್ನೋದು ಅವರ ಮಾತು.

ಪಟ್ಟಿಯಲ್ಲೊಂದು ಪರಿಚಿತ ಪದ

ಕೊನೆಗೆ ಕೋರ್ಟಿನ ಮುಂದೆ ಉಳಿದದ್ದು ಹದಿನೇಳು ಶೀರ್ಷಿಕೆ. ಏಳು ಹೂಸು ಮತ್ತು ಅಂಡಿನವು. ಹದಿಹರೆಯದವರಿಗಾಗಿ ಬರೆದ ಒಂದಷ್ಟು, ಲಿಂಗ ಮತ್ತು ಲೈಂಗಿಕತೆಯ ಪ್ರಶ್ನೆಗಳನ್ನು ಮುಟ್ಟುವಂಥವು. ಬೆಳೆಯುವ ಮಕ್ಕಳಿಗೆ ದೇಹದ ಬಗ್ಗೆ ತಿಳಿಸುವ ಒಂದು. 1970ರಲ್ಲಿ ಬಂದ ಒಂದು ಚಿತ್ರಪುಸ್ತಕ, ಅದರಲ್ಲಿ ಪುಟ್ಟ ಹುಡುಗ ಕನಸಿನಲ್ಲಿ ಬತ್ತಲೆ ಓಡಾಡುತ್ತಾನೆ. ನಮ್ಮೂರುಗಳಲ್ಲಿ ಆ ವಯಸ್ಸಿನ ಹುಡುಗರು ಕನಸಿಲ್ಲದೆಯೂ ಹಾಗೇ ಓಡಾಡುತ್ತಾರೆ, ಆ ಮಾತು ಬೇರೆ. ಕು ಕ್ಲಕ್ಸ್ ಕ್ಲಾನ್ ಅನ್ನುವ ಬಿಳಿಯರ ಹಿಂಸಾ ಸಂಘಟನೆಯ ಇತಿಹಾಸ ಹೇಳುವ ಒಂದು.

ಇನ್ನೊಂದರ ಹೆಸರು 'ಕಾಸ್ಟ್', ಅಂದರೆ ಜಾತಿ. ಇಸಬೆಲ್ ವಿಲ್ಕರ್‌ಸನ್ ಬರೆದದ್ದು. ಅಮೆರಿಕದ ವರ್ಣಭೇದವನ್ನು ಭಾರತದ ಜಾತಿ ವ್ಯವಸ್ಥೆಯ ಜೊತೆ, ನಾಜಿ ಜರ್ಮನಿಯ ಜೊತೆ ಇಟ್ಟು ನೋಡುವ ಪುಸ್ತಕ. ಅಂಬೇಡ್ಕರ್ ಅದರೊಳಗೆ ಬರುತ್ತಾರೆ. ವಿಲ್ಕರ್‌ಸನ್ ಹೇಳಿದ್ದೆಲ್ಲ ಸರಿಯಾ ಅಂತ ವಾದ ಮಾಡಬಹುದು. ಆದರೆ ಕಳೆ ಕೀಳುವ ಸೂತ್ರಕ್ಕೆ ಅದನ್ನು ಹಾಕಿ ನೋಡಿ. ಪ್ರಕಟವಾದದ್ದು 2020ರಲ್ಲಿ. ತೆಗೆಯುವಾಗ ಎರಡು ವರ್ಷವೂ ತುಂಬಿರಲಿಲ್ಲ. ಹಳತಾಗಿಲ್ಲ, ಹೊಸ ಆವೃತ್ತಿಯ ಪ್ರಶ್ನೆ ಇಲ್ಲ. ಮಸ್ಟಿಯ ಯಾವ ಅಕ್ಷರಕ್ಕೆ ಇದು ಸಿಕ್ಕಿಬಿತ್ತು?

ಕೌಂಟಿಯ ವಾದ ಮಾತ್ರ ಅದೇ. ನಾವು ಯಾವುದನ್ನೂ ನಿಷೇಧಿಸಿಲ್ಲ, ಎಂದಿನ ಹಾಗೆ ಕಳೆ ಕಿತ್ತಿದ್ದೇವೆ ಅಷ್ಟೇ.

ಕೋರ್ಟಿನ ಮೆಟ್ಟಿಲು

2022ರ ಏಪ್ರಿಲ್‌ನಲ್ಲಿ ಏಳು ಓದುಗರು ಫೆಡರಲ್ ಕೋರ್ಟಿಗೆ ಹೋದರು. ಲಿಟಲ್ ವಿರುದ್ಧ ಲ್ಯಾನೊ ಕೌಂಟಿ ಅನ್ನೋದು ಪ್ರಕರಣದ ಹೆಸರು. 2023ರ ಮಾರ್ಚ್ 30ರಂದು ನ್ಯಾಯಾಧೀಶ ರಾಬರ್ಟ್ ಪಿಟ್‌ಮನ್ ಮಧ್ಯಂತರ ಆದೇಶ ಕೊಟ್ಟರು. ಮೊದಲು ದೂರು ಬಂತು, ಆಮೇಲೆ ಪುಸ್ತಕ ಹೋಯಿತು. ಹಾಗಾಗಿ ಕಳೆ ಕೀಳುವುದು ಬರೀ ನೆಪ ಅಂತ ಅವರಿಗೆ ಕಂಡಿತು. 24 ಗಂಟೆಯೊಳಗೆ ಪುಸ್ತಕಗಳು ಕಪಾಟಿನಲ್ಲಿರಬೇಕು, ಕ್ಯಾಟಲಾಗಿನಲ್ಲೂ ಕಾಣಬೇಕು ಅಂದರು.

ಕೌಂಟಿ ಏನು ಮಾಡಿತು? ಲೈಬ್ರರಿಗಳನ್ನೇ ಮುಚ್ಚಿಬಿಡೋಣವಾ ಅಂತ ಏಪ್ರಿಲ್ 13ಕ್ಕೆ ವಿಶೇಷ ಸಭೆ ಕರೆಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಲೆಕ್ಕ. ಜನ ತುಂಬಿಕೊಂಡು ಬಂದರು. ಕೊನೆಗೆ ಮುಚ್ಚುವ ಮಾತು ಕೈಬಿಟ್ಟರು.

ಮೇಲ್ಮನವಿ ಐದನೇ ಸರ್ಕಿಟ್ ಕೋರ್ಟಿಗೆ ಹೋಯಿತು. ಟೆಕ್ಸಾಸ್, ಲೂಸಿಯಾನಾ, ಮಿಸಿಸಿಪ್ಪಿ ಮೂರೂ ಅದರ ವ್ಯಾಪ್ತಿಗೆ ಬರುತ್ತವೆ. 2024ರ ಜೂನ್‌ನಲ್ಲಿ ಮೂವರ ಪೀಠ ಹದಿನೇಳರಲ್ಲಿ ಎಂಟು ಪುಸ್ತಕ ವಾಪಸ್ ಇಡಿ ಅಂದಿತು. ಹೂಸಿನ ಪುಸ್ತಕಗಳಿಗೆ ಆ ಭಾಗ್ಯ ಸಿಗಲಿಲ್ಲ. ಆ ತೀರ್ಪೂ ಉಳಿಯಲಿಲ್ಲ. ಪೂರ್ಣಪೀಠ ಮತ್ತೆ ವಿಚಾರಣೆ ಮಾಡಿತು. 2025ರ ಮೇ 23ರಂದು 10-7ರಲ್ಲಿ ಕೌಂಟಿ ಗೆದ್ದಿತು.

ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಡಂಕನ್. ಮಾಹಿತಿ ಪಡೆಯುವ ಹಕ್ಕು ಅಂದರೆ ಲೈಬ್ರರಿ ಇಂಥ ಪುಸ್ತಕ ಇಟ್ಟಿರಲೇಬೇಕು ಅಂತ ಕೇಳುವ ಹಕ್ಕಲ್ಲ. ಬೇಕಿದ್ದರೆ ಅಂಗಡಿಯಲ್ಲಿ ಕೊಳ್ಳಬಹುದು, ಆನ್‌ಲೈನ್ ತರಿಸಬಹುದು, ಗೆಳೆಯರ ಹತ್ತಿರ ಕೇಳಬಹುದು. ಇದಕ್ಕೆ ಹತ್ತು ಜನ ಸೇರಿದರು. ಡಂಕನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಲೈಬ್ರರಿಯ ಸಂಗ್ರಹ ಅಂದರೆ ಸರ್ಕಾರದ ಮಾತು. ಮ್ಯೂಸಿಯಂ ಯಾವ ಚಿತ್ರ ತೂಗುಹಾಕಬೇಕು ಅಂತ ಆರಿಸುತ್ತದಲ್ಲ, ಹಾಗೆ. ಈ ಎರಡನೇ ಹೆಜ್ಜೆಗೆ ಏಳೇ ಜನ ಬಂದರು. ಅದು ಬಹುಮತವಲ್ಲ. ಸುದ್ದಿಯಲ್ಲಿ ಈ ವ್ಯತ್ಯಾಸ ಎಷ್ಟೋ ಕಡೆ ಕಳೆದುಹೋಯಿತು.

ಓದುಗರು ಸುಪ್ರೀಂ ಕೋರ್ಟಿಗೆ ಹೋದರು. 2025ರ ಡಿಸೆಂಬರ್ 8ರಂದು ಅದು ಕೇಸನ್ನು ತೆಗೆದುಕೊಳ್ಳುವುದಿಲ್ಲ ಅಂದಿತು. ಕಾರಣ ಹೇಳಲಿಲ್ಲ.

ಸುಲಭದ ಉತ್ತರ ಇಲ್ಲ

ಡಂಕನ್ ಎತ್ತಿದ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಕಪ್ಪು ಜನರನ್ನು ಹೀನಾಯವಾಗಿ ಚಿತ್ರಿಸಿದ ಹಳೇ ಮಕ್ಕಳ ಪುಸ್ತಕವೊಂದನ್ನು ಲೈಬ್ರರಿಯನ್ ತೆಗೆದರು ಅನ್ನಿ. ಯಾರಾದರೂ ಕೋರ್ಟಿಗೆ ಹೋದರೆ? ಅಲ್ಲಿಯೂ ತೆಗೆದದ್ದು ಒಳಗಿನ ಅಭಿಪ್ರಾಯಕ್ಕೇ ತಾನೆ? ಪ್ರತಿ ಪುಸ್ತಕಕ್ಕೂ ನ್ಯಾಯಾಧೀಶರು ತಕ್ಕಡಿ ಹಿಡಿದು ಕೂರಬೇಕಾ? ಕೊಂಡ ಪುಸ್ತಕ ತೆಗೆದರೆ ಕೇಸು ಹಾಕಬಹುದು, ಮೊದಲಿಗೆ ಕೊಳ್ಳದೇ ಇದ್ದರೆ ಹಾಕುವಂತಿಲ್ಲ ಅನ್ನೋದಾದರೆ, ಜಾಣ ಆಡಳಿತಗಾರರು ವಿವಾದದ ಪುಸ್ತಕ ಕೊಳ್ಳುವುದನ್ನೇ ಬಿಟ್ಟುಬಿಡುತ್ತಾರೆ.

ಸಂಗ್ರಹ ಅಂದರೆ ಸರ್ಕಾರದ ಮಾತು ಅನ್ನೋದು ಮಾತ್ರ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಒಂದೇ ಕಪಾಟಿನಲ್ಲಿ ಗಾಂಧಿಯನ್ನು ಹೊಗಳುವ ಪುಸ್ತಕವೂ ಇರುತ್ತದೆ, ಬೈಯುವ ಪುಸ್ತಕವೂ ಇರುತ್ತದೆ. ಪಕ್ಕದಲ್ಲಿ ಕೋಳಿ ಸಾರು ಮಾಡುವ ಪುಸ್ತಕ, ಅದರ ಪಕ್ಕ ಮಾಂಸ ಬಿಡಿ ಅನ್ನುವ ಪುಸ್ತಕ. ಇದು ಸರ್ಕಾರದ ಮಾತಾದರೆ ಸರ್ಕಾರಕ್ಕೆ ತಲೆ ಕೆಟ್ಟಿರಬೇಕು.

ಲೆಸ್ಟರ್ ಆಶೈಮ್ ಅನ್ನುವ ಲೈಬ್ರರಿ ಮೇಷ್ಟರು 1953ರಲ್ಲೇ ಇದಕ್ಕೊಂದು ಅಳತೆಗೋಲು ಕೊಟ್ಟಿದ್ದರು. ಆರಿಸುವವರು ಪುಸ್ತಕವನ್ನು ಇಟ್ಟುಕೊಳ್ಳೋದಕ್ಕೆ ಕಾರಣ ಹುಡುಕುತ್ತಾರೆ, ಕತ್ತರಿ ಹಾಕುವವರು ತೆಗೆಯೋದಕ್ಕೆ ಕಾರಣ ಹುಡುಕುತ್ತಾರೆ. ಇಬ್ಬರ ಕೈಯಲ್ಲೂ ಅದೇ ಪುಸ್ತಕ. ಲ್ಯಾನೊಗೆ ಈ ಅಳತೆ ಹಾಕಿದರೆ ಹೆಚ್ಚು ಯೋಚಿಸಬೇಕಾಗಿಲ್ಲ. ಪಟ್ಟಿ ಮೊದಲು ಬಂತು, ಮಸ್ಟಿ ಆಮೇಲೆ ಬಂತು. ಆದರೆ ಇದು ಮನಸ್ಸಿನ ಅಳತೆ, ಕೋರ್ಟಿನಲ್ಲಿ ಹಿಡಿಯೋದು ಕಷ್ಟ. ಹಾಗಾಗಿ ಇದು ಕೋರ್ಟಿಗೆ ಹೋಗುವ ಮುಂಚೆಯೇ ಬಗೆಹರಿಯಬೇಕಿತ್ತು ಅಂತ ನನಗನ್ನಿಸುತ್ತದೆ. ಹೂಸಿನ ಪುಸ್ತಕದ ಮೊದಲ ದೂರು ಬಂದ ದಿನ, ಒಂದು ಅರ್ಜಿ ನಮೂನೆಯ ಎದುರು.

ನಮ್ಮ ಕಡೆ ಇಂಥ ಕೇಸು ಹುಟ್ಟೋದು ಕಷ್ಟ. ನಾವು ಉದಾರಿಗಳು ಅಂತಲ್ಲ, ವ್ಯವಸ್ಥೆಯೇ ಬೇರೆ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ದುಡ್ಡು ಊರಿನದ್ದೇ. ಆದರೆ ಕನ್ನಡ ಪುಸ್ತಕಗಳ ದೊಡ್ಡ ಪಾಲು ಬರೋದು ರಾಜ್ಯ ಮಟ್ಟದ ಸಗಟು ಖರೀದಿಯಿಂದ. ಪ್ರಕಾಶಕರು ಪುಸ್ತಕ ಸಲ್ಲಿಸುತ್ತಾರೆ, ಆಯ್ಕೆ ಸಮಿತಿ ನೋಡುತ್ತದೆ, ಒಪ್ಪಿಗೆಯಾದ ಶೀರ್ಷಿಕೆಯ ನೂರಾರು ಪ್ರತಿ ಪುಟದ ಲೆಕ್ಕದ ದರದಲ್ಲಿ ಹೋಗುತ್ತವೆ. ಊರಿನ ಲೈಬ್ರರಿಯಲ್ಲಿ ಪುಸ್ತಕ ಕೇಳಿದರೆ "ಮೇಲಿಂದ ಬರಬೇಕು ಸಾರ್" ಅಂತಾರೆ. ನಿಜವನ್ನೇ ಹೇಳುತ್ತಾರೆ. ಹಾಗಾಗಿ ನಮ್ಮಲ್ಲಿ ಜಗಳ ಆಗೋದು ಓದುಗರು ಮತ್ತು ಲೈಬ್ರರಿಯ ನಡುವೆ ಅಲ್ಲ, ಪ್ರಕಾಶಕರು ಮತ್ತು ಇಲಾಖೆಯ ನಡುವೆ. ನನ್ನ ಪುಸ್ತಕ ಯಾಕೆ ಆಯ್ಕೆಯಾಗಲಿಲ್ಲ, ಆಯ್ಕೆಯಾದದ್ದಕ್ಕೆ ದುಡ್ಡು ಯಾವಾಗ ಬರುತ್ತದೆ. ಓದುಗ ಈ ಜಗಳದಲ್ಲಿ ಇಲ್ಲವೇ ಇಲ್ಲ. ಲ್ಯಾನೊದ ಏಳು ಜನ ಕಪಾಟಿನ ಮುಂದೆ ನಿಂತು ಇದು ನಮ್ಮದು ಅಂದರಲ್ಲ, ಸೋತರೂ ಅವರ ಬಗ್ಗೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಿದೆ.

ಒಂದು ವಿಷಯ ಹೇಳೋದು ಬಿಟ್ಟೆ. ಕೇಸು ಬಿದ್ದ ಮೇಲೆ, ಪಿಟ್‌ಮನ್ ಆದೇಶ ಬರುವ ಮುಂಚೆ, ಕೌಂಟಿಯ ವಕೀಲರು ಆ ಹದಿನೇಳೂ ಪುಸ್ತಕಗಳ ಪ್ರತಿ ತರಿಸಿ ಲೈಬ್ರರಿಗೆ ದಾನ ಕೊಟ್ಟರು. ನೋಡಿ, ಪುಸ್ತಕ ಇಲ್ಲೇ ಇದೆ, ಇನ್ನು ದೂರೇನು ಅನ್ನೋದು ವಾದ. ಪುಸ್ತಕ ಇದ್ದದ್ದು ಕೌಂಟರ್ ಹಿಂದೆ. ಕಪಾಟಿನಲ್ಲಿ ಇಲ್ಲ, ಕ್ಯಾಟಲಾಗಿನಲ್ಲಿ ಹುಡುಕಿದರೂ ಕಾಣುವುದಿಲ್ಲ. ಬೇಕಾದವರು ಹೆಸರು ಹೇಳಿ ಕೇಳಬೇಕು, ಕೊಡುತ್ತಾರೆ. ಆ ಹೆಸರು ಗೊತ್ತಿರೋದು ಯಾರಿಗೆ? ದೂರು ಕೊಟ್ಟವರಿಗೆ, ಕೇಸು ಹಾಕಿದವರಿಗೆ, ಮತ್ತೆ ವಕೀಲರಿಗೆ.